ಪ್ರಶಸ್ತಿ ಬಿಡು, ಕೆಲಸದ ಬಗ್ಗೆ ಕೇಳು

ಪ್ರೀತಿಯ ತಂಗಿ,

ನಿನ್ನ ಪತ್ರ ಬಂತು. ಸಮುದಾಯ ಬಾನುಲಿಯಲ್ಲಿ ವಾರಕ್ಕೊಮ್ಮೆ ಊರಿನ ಹಾಡುಗಾರರು, ಬರಹಗಾರರು, ನಾಟಕದವರನ್ನು ಅರ್ಧ ಗಂಟೆ ಮಾತಾಡಿಸುವ ಕೆಲಸ ಸಿಕ್ಕಿದೆ ಅಂತ ಓದಿ ತುಂಬ ಖುಷಿಯಾಯಿತು. ಅದರ ಕೆಳಗೇ "ಇದರಿಂದ ನನ್ನ ಕಥೆ ಬರೆಯೋದು ನಿಂತು ಹೋಗುತ್ತಾ ಅಕ್ಕಾ?" ಅಂತ ಕೇಳಿದ್ದೀಯ. ನಿಲ್ಲುವುದಿಲ್ಲ. ಕಥೆಗಾರರಿಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ನಾನು ಕಂಡಿಲ್ಲ.

ನೀನು ಕಳಿಸಿದ ಪ್ರಶ್ನೆಗಳನ್ನು ಓದಿದೆ. "ನಿಮಗೆ ಸ್ಫೂರ್ತಿ ಯಾರು?", "ಈ ಪ್ರಶಸ್ತಿ ಬಂದಾಗ ಏನನಿಸಿತು?", ಕೊನೆಗೆ "ಇಂದಿನ ಯುವಪೀಳಿಗೆಗೆ ನಿಮ್ಮ ಸಂದೇಶವೇನು?" ಇವನ್ನೆಲ್ಲ ತೆಗೆದುಹಾಕು. ಕೇಳಬಾರದ ಪ್ರಶ್ನೆಗಳು ಅಂತಲ್ಲ. ಇವುಗಳಿಗೆ ಎಲ್ಲರ ಹತ್ತಿರವೂ ಉತ್ತರ ಸಿದ್ಧ ಇರುತ್ತದೆ. ಸನ್ಮಾನದ ವೇದಿಕೆಯಲ್ಲಿ ಹೇಳಿ ಹೇಳಿ ಬಾಯಿಪಾಠ ಆಗಿರುತ್ತದೆ. ಅವರ ಬದಲು ಬೇರೆ ಯಾರನ್ನು ಕೂರಿಸಿದರೂ ಅದೇ ಉತ್ತರ ಬರುತ್ತದೆ. ನಿನಗೆ ಬೇಕಾದದ್ದು ಅವರೊಬ್ಬರೇ ಹೇಳಬಲ್ಲ ಮಾತು, ಅಲ್ವಾ? ಅದು ಅವರು ದಿನಾ ಮಾಡುವ ಕೆಲಸದೊಳಗೆ ಇರುತ್ತದೆ.

ಗಂಗೂಬಾಯಿ ಹಾನಗಲ್ ಅವರನ್ನೇ ನೋಡು. ಅವರಿಗೆ 2002ರಲ್ಲಿ ಪದ್ಮವಿಭೂಷಣ ಬಂತು ಅನ್ನುವುದು ಎಲ್ಲಿ ಹುಡುಕಿದರೂ ಸಿಗುತ್ತದೆ. ಆದರೆ ಹುಬ್ಬಳ್ಳಿಯಿಂದ ರೈಲು ಹತ್ತಿ ಕುಂದಗೋಳಕ್ಕೆ ಹೋಗಿ ಸವಾಯಿ ಗಂಧರ್ವರ ಹತ್ತಿರ ಪಾಠ ಮಾಡಿಸಿಕೊಂಡು ಬರುತ್ತಿದ್ದರಲ್ಲ, ಅದನ್ನು ಕೇಳಿದಾಗ ಒಬ್ಬ ಹುಡುಗಿ ಕಣ್ಣಿಗೆ ಕಾಣುತ್ತಾಳೆ. ತಾಯಿ ಅಂಬಾಬಾಯಿ ಕರ್ನಾಟಕ ಸಂಗೀತ ಹಾಡುತ್ತಿದ್ದವರು. ಮಗಳ ಹಿಂದುಸ್ತಾನಿ ಕಲಿಕೆಗೆ ತಮ್ಮ ಹಾಡು ಅಡ್ಡ ಬರಬಾರದು ಅಂತ ಹಾಡುವುದನ್ನೇ ಬಿಟ್ಟರು. ಇದು ನಮಗೆ ಗೊತ್ತಿರುವುದು ಯಾರೋ ಕೂತು ಕೇಳಿದ್ದರಿಂದ, ಅವರು ಮನಸ್ಸು ಬಿಚ್ಚಿ ಹೇಳಿದ್ದರಿಂದ.

ನಮ್ಮ ಧಾರವಾಡದಲ್ಲಿ ರೇಡಿಯೊ ಎಂದರೆ ಬರೀ ಪೆಟ್ಟಿಗೆ ಆಗಿರಲಿಲ್ಲ. 1950ರಲ್ಲಿ ಇಲ್ಲಿ ಆಕಾಶವಾಣಿ ನಿಲಯ ಶುರುವಾಯಿತು. ಮಲ್ಲಿಕಾರ್ಜುನ ಮನಸೂರರು ಅಲ್ಲಿ ಸಂಗೀತ ಸಲಹೆಗಾರರಾಗಿದ್ದರು, ಬೇಂದ್ರೆಯವರು ಸಾಹಿತ್ಯಕ್ಕೆ ಸಲಹೆಗಾರರು. ಬಾಲೇಖಾನರಂಥ ಸಿತಾರ್ ವಾದಕರು ಅಲ್ಲಿ ನೌಕರಿಯಲ್ಲೇ ಇದ್ದರು. ರೇಡಿಯೊದಲ್ಲಿ ಕೇಳಿದ ದನಿಯ ಮನುಷ್ಯರೇ ಮರುದಿನ ಸುಭಾಸ ರೋಡಿನಲ್ಲಿ ಎದುರಿಗೆ ಬರುತ್ತಿದ್ದರು. ನಿನ್ನ ಕೇಂದ್ರದ ದನಿ ಹತ್ತು ಹದಿನೈದು ಕಿಲೋಮೀಟರ್ ಆಚೆ ಹೋಗುವುದಿಲ್ಲ ಅಂತ ಬೇಜಾರು ಮಾಡಿಕೊಂಡಿದ್ದೀಯ. ಅದನ್ನೇ ನಿನ್ನ ಬಲ ಅಂತ ತಿಳಿ. ಕೇಳುವವರಿಗೆ ಮಾಳಮಡ್ಡಿ ಎಂದರೆ ಯಾವುದು ಅಂತ ವಿವರಿಸಬೇಕಿಲ್ಲ. ನೇರ ಒಳಗೆ ಹೋಗಬಹುದು.

ಕೆಲಸದ ಬಗ್ಗೆ ಕೇಳುವುದು ಎಂದರೆ ಏನು ಅಂತ ಹೇಳುತ್ತೇನೆ. ಒಮ್ಮೆ ಒಬ್ಬ ತಬಲಾದವರನ್ನು ಮಾತಾಡಿಸಲು ಕೂತಿದ್ದೆ. ಜೀವನವಿಡೀ ದೊಡ್ಡ ದೊಡ್ಡ ಗಾಯಕರಿಗೆ ಸಾಥ್ ಕೊಟ್ಟವರು. ಏನು ಕೇಳಿದರೂ "ಹೌದ್ರಿ", "ಗುರುಗಳ ಆಶೀರ್ವಾದರಿ" ಅಷ್ಟೇ. ಹೊರಗೆ ಶ್ರಾವಣದ ಜಿಟಿಜಿಟಿ ಮಳೆ. "ಈ ಹವಾದಾಗ ತಬಲಾ ಸ್ವರ ಹಿಡೀತದೇನ್ರಿ?" ಅಂತ ಕೇಳಿದೆ. ಅವರು ನೆಟ್ಟಗೆ ಕೂತರು. ಥಂಡಿಗೆ ಚರ್ಮ ಹೇಗೆ ಸಡಿಲಾಗುತ್ತದೆ, ಸ್ವರ ಹೇಗೆ ಇಳಿಯುತ್ತದೆ ಅಂತ ಶುರು ಮಾಡಿದರು. ಸುತ್ತಿಗೆ ತೆಗೆದರು. ಬಾರಿನ ಕೆಳಗಿನ ಮರದ ತುಂಡುಗಳಿಗೆ ಒಂದೊಂದೇ ಪೆಟ್ಟು ಕೊಟ್ಟರು. ಅಂಚಿನ ಮೇಲೆ ಬೆರಳಿಟ್ಟು ಒಂದು 'ನಾ' ನುಡಿಸಿದರು. ತಬಲಾ ತಿರುಗಿಸಿ ಇನ್ನೊಂದು ಕಡೆ ನುಡಿಸಿದರು. "ಕೇಳ್ರಿ, ಇಲ್ಲಿ ಇನ್ನೂ ಇಳದದ" ಅಂದರು. ನಿಜವಾಗಿ ನನ್ನ ಕಿವಿಗೆ ಆ ವ್ಯತ್ಯಾಸ ಗೊತ್ತಾಯಿತು. ಆಮೇಲೆ ಅವರಾಗಿಯೇ ಎಲ್ಲ ಹೇಳಿದರು: ಗಾಯಕರು ಮಧ್ಯದಲ್ಲಿ ಲಯ ಏರಿಸಿದರೆ ಏನು ಮಾಡಬೇಕು, ಯಾವಾಗ ಬರೀ ಠೇಕಾ (ತಾಳದ ಮೂಲ ನಡೆ) ಹಿಡಿದು ಸುಮ್ನೆ ಇರಬೇಕು, ತಾವು ಮುಂದೆ ಬರಬೇಕೆನಿಸಿದಾಗಲೂ ಕೈ ಹೇಗೆ ತಡೆದುಕೊಂಡರು. ಅದು ಅವರ ಆತ್ಮಕಥೆಯೇ ಆಗಿತ್ತು. ಮಳೆ ಮತ್ತು ತಬಲಾದ ಪ್ರಶ್ನೆಯಿಂದ ಬಂತು.

ಅದಕ್ಕೆ ಹಾಡುಗಾರರು ಬಂದರೆ ತಂಬೂರಿ ಇರಲಿ. ರಾಗದ ಬಗ್ಗೆ ಹೇಳಿ ಅನ್ನಬೇಡ, ತೋರಿಸಿ ಅನ್ನು. ಗುರುಗಳು ಮೊದಲು ಯಾವ ಚೀಜ್ (ರಾಗದಲ್ಲಿ ಕಟ್ಟಿದ ಹಾಡು) ಹೇಳಿಕೊಟ್ಟರು, ಎಲ್ಲಿ ತಡವರಿಸುತ್ತಿದ್ದಿರಿ, ಆ ಜಾಗ ಒಂದು ಸಲ ಹಾಡಿ ಅನ್ನು. ಕವಿ ಬಂದರೆ ಮೊದಲು ಪದ್ಯ ಓದಿಸು. ಓದಿದ ಮೇಲೆ, ಈ ಸಾಲಿನ ಜಾಗದಲ್ಲಿ ಮೊದಲು ಬೇರೆ ಸಾಲು ಇತ್ತಾ, ಯಾಕೆ ಹೊಡೆದು ಹಾಕಿದಿರಿ ಅಂತ ಕೇಳು. ಹೊಡೆದು ಹಾಕಿದ ಸಾಲು ಕವಿಗಳಿಗೆ ಮರೆಯುವುದೇ ಇಲ್ಲ. ಕಂಪನಿ ನಾಟಕದವರು ಬಂದರೆ ಮೈಕನ್ನು ಸ್ವಲ್ಪ ದೂರ ಇಡು. ಮೈಕ್ ಇಲ್ಲದ ಕಾಲದಲ್ಲಿ ಥೇಟರಿನ ಕೊನೆಯ ಸಾಲಿಗೆ ಮಾತು ಮುಟ್ಟಿಸಿದ ಪರಂಪರೆ ಅದು. ಕಂಪನಿ ನಾಟಕದ ನಟ ಏಣಗಿ ಬಾಳಪ್ಪನವರು ನೂರು ದಾಟಿ ಬದುಕಿದವರು. ಅಂಥವರ ಎದೆಯ ದನಿಯನ್ನು ಒಂದು ಗೇಣು ದೂರದ ಮೈಕು ತಡೆದುಕೊಳ್ಳುವುದಿಲ್ಲ. ಆ ದನಿ ಹೇಗೆ ಕಟ್ಟಿದರು ಅಂತ ಅವರ ಶಿಷ್ಯರನ್ನು, ಜೊತೆಗಿದ್ದವರನ್ನು ಕೇಳಬೇಕು. ಅಂಥವರು ಇನ್ನೂ ಇದ್ದಾರೆ.

ಚಹಾದ ವಿಷಯ ಹೇಳಲೇಬೇಕು. ರೆಕಾರ್ಡಿಂಗ್ ಮೊದಲು ಚಹಾ ಕೊಡುತ್ತೀಯಲ್ಲ, ಆಗ ಹವಾ, ಬಸ್ಸು, ಮೊಮ್ಮಕ್ಕಳು ಅಂತ ಏನಾದರೂ ಮಾತಾಡು. ಅವರ ಕಲೆಯ ಸುದ್ದಿ ಮಾತ್ರ ತೆಗೆಯಬೇಡ. ಒಳ್ಳೆಯ ಪ್ರಸಂಗ ಅಲ್ಲಿ ಹೇಳಿಬಿಟ್ಟರೆ ಮೈಕಿನ ಮುಂದೆ "ಆಗಲೇ ಹೇಳಿದೆನಲ್ಲ, ಹಂಗ" ಅಂತ ಅರ್ಧಕ್ಕೆ ಮುಗಿಸುತ್ತಾರೆ. ಎರಡನೇ ಸಲ ಹೇಳುವಾಗ ಅದರ ಬಿಸಿ ಇರುವುದಿಲ್ಲ. ಬಳೆ ತೆಗೆದಿಡು, ಫ್ಯಾನ್ ಆರಿಸು, ಅವರು ಮಾತಾಡುವಾಗ "ಹೂಂ ಹೂಂ" ಅನ್ನದೆ ತಲೆಯಾಡಿಸು.

ಮತ್ತೆ, ಅವರು ಸುಮ್ಮನಾದರೆ ನೀನೂ ಸುಮ್ಮನಿರು. ಇದು ಎಲ್ಲಕ್ಕಿಂತ ಕಷ್ಟ. ಸ್ಪೂಲ್ ಟೇಪಿನ ಕಾಲದಲ್ಲಿ ಸೆಕೆಂಡಿಗೆ ಏಳೂವರೆ ಇಂಚು ಟೇಪ್ ಓಡುತ್ತಿತ್ತು. ನಾಲ್ಕು ಸೆಕೆಂಡಿನ ಮೌನ ಎಂದರೆ ಎರಡೂವರೆ ಅಡಿ ಟೇಪ್. ಬ್ಲೇಡಿನಿಂದ ಕತ್ತರಿಸಿ ಅಂಟಿಸುವವರಿಗೆ ಅದು ಕೈಯಲ್ಲಿ ಹಿಡಿಯುವಷ್ಟು ಉದ್ದ ಕಾಣುತ್ತಿತ್ತು. ಈಗ ಕಂಪ್ಯೂಟರಿನಲ್ಲಿ ಒಂದು ಕ್ಲಿಕ್‌ಗೆ ಮಾಯ. ಕತ್ತರಿಸುವ ಮೊದಲು ಒಮ್ಮೆ ಕಣ್ಣು ಮುಚ್ಚಿ ಕೇಳು. ಸತ್ತುಹೋದ ಗುರುವಿನ ಹೆಸರು ಹೇಳುವ ಮೊದಲು ಒಬ್ಬರು ತೆಗೆದುಕೊಂಡ ಆ ನಾಲ್ಕು ಸೆಕೆಂಡು ಕೇಳುಗರಿಗೂ ಸಿಗಬೇಕು.

ಭಾಷೆಯನ್ನು ತಿದ್ದಬೇಡ. ನೀನು "ತಾವು ತಮ್ಮ ಸಂಗೀತ ಪಯಣವನ್ನು ಹೇಗೆ ಆರಂಭಿಸಿದಿರಿ" ಅಂದರೆ ಅವರೂ ಪುಸ್ತಕ ಓದಿದ ಹಾಗೆ ಶುರು ಮಾಡುತ್ತಾರೆ, ಜೀವ ಹೋಗುತ್ತದೆ. "ಮೊದಲ ಪಾಠ ಯಾರ ಹಂತೇಕ ಆತ್ರಿ?" ಅನ್ನು. ಮನೆ ಮಾತು ಬರುತ್ತದೆ.

ಈಗ ನಿನ್ನ ಕಥೆಗಳ ವಿಷಯ. ಪ್ರತಿ ಸಂದರ್ಶನದಲ್ಲಿ ಐದು ನಿಮಿಷ ಆರಿಸಿಕೊಂಡು ಕೈಯಿಂದ ಬರೆದುಕೋ. ಇದ್ದದ್ದು ಇದ್ದ ಹಾಗೆ. ಅರ್ಧಕ್ಕೆ ಬಿಟ್ಟ ವಾಕ್ಯ, ತಿರುಗಿ ಹೇಳಿದ ಪದ, "ಅದಿರ್ಲಿ" ಅಂತ ದಾರಿ ಬದಲಿಸಿದ್ದು, ಎಲ್ಲ. ನಿನ್ನ ಕಥೆಯಲ್ಲಿ ಎಲ್ಲ ಪಾತ್ರಗಳೂ ಪೂರ್ತಿ ವಾಕ್ಯದಲ್ಲೇ ಮಾತಾಡುತ್ತವೆ, ಎಲ್ಲರಿಗೂ ತಮಗೇನು ಬೇಕು ಅಂತ ಚೆನ್ನಾಗಿ ಗೊತ್ತಿರುತ್ತದೆ. ಮನುಷ್ಯರು ಹಾಗೆ ಮಾತಾಡುವುದಿಲ್ಲ ಅನ್ನುವುದು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಬೆರಳಿಗೇ ತಿಳಿಯುತ್ತದೆ. ನಾನು ಎಷ್ಟು ವಿಮರ್ಶೆ ಬರೆದು ಕಳಿಸಿದರೂ ಅದು ಬರುವುದಿಲ್ಲ.

ಹೆಸರಾದವರ ಹಿಂದೆಯೇ ಓಡಬೇಡ. ಅವರ ಮಾತು ಎಲ್ಲಾದರೂ ಉಳಿದಿರುತ್ತದೆ. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಸಣ್ಣ ಊರುಗಳಲ್ಲಿ ಪಾಠ ಹೇಳುತ್ತಿರುವವರು, ನಾಟಕ ಕಂಪನಿಗೆ ಪರದೆ ಬರೆದವರು, ತಂಬೂರಿ ಹಿಡಿದು ಹಿಂದೆ ಕೂತವರು, ಇವರ ದನಿ ಎಲ್ಲೂ ಇಲ್ಲ. ಹಲವು ನಿಲಯಗಳಲ್ಲಿ ಟೇಪ್ ಸಾಲದೆ ಹಳೆಯದನ್ನು ಅಳಿಸಿ ಅದರ ಮೇಲೆಯೇ ಹೊಸದು ತುಂಬಿದ್ದುಂಟು. ನಿನಗೆ ಆ ಕೊರತೆ ಇಲ್ಲ. ಪೂರ್ತಿ ರೆಕಾರ್ಡಿಂಗನ್ನು ಎರಡು ಕಡೆ ಇಡು. ತಾರೀಖು, ಜಾಗ, ರಾಗ, ಸಾಥ್ ಯಾರದ್ದು, ಎಲ್ಲ ಬರೆದಿಡು. ಸಾಥ್‌ದವರ ಹೆಸರು ತಪ್ಪದೆ ಬರಿ.

ಮಾಳಮಡ್ಡಿಯಲ್ಲಿ ಒಬ್ಬ ಹಳೆಯ ಪೇಟಿ (ಹಾರ್ಮೋನಿಯಂ) ಮಾಸ್ತರರು ಇದ್ದಾರೆ. ಕಂಪನಿ ನಾಟಕಗಳಿಗೆ ನುಡಿಸಿದವರು. ವಯಸ್ಸಾಗಿದೆ, ಕಿವಿ ಸ್ವಲ್ಪ ಮಂದ, ಬೆರಳು ಮಾತ್ರ ಇನ್ನೂ ಓಡುತ್ತವೆ. ನಿನ್ನ ವಿಷಯ ಹೇಳಿದ್ದೇನೆ, ಕಳಿಸು ಅಂದಿದ್ದಾರೆ. ಮಧ್ಯಾಹ್ನ ಮಲಗುತ್ತಾರೆ, ನಾಲ್ಕರ ಮೇಲೆ ಹೋಗು. ನಟರು ಮಾತು ಮರೆತಾಗ ಪೇಟಿಯಲ್ಲಿ ಏನು ನುಡಿಸಿ ಹೊತ್ತು ತುಂಬಿಸುತ್ತಿದ್ದಿರಿ ಅಂತ ಕೇಳು. ಪೇಟಿ ಅವರ ಮುಂದೆಯೇ ಇರಲಿ. ಈ ವಾರದಲ್ಲೇ ಹೋಗು.

ನಿನ್ನ
ಅಕ್ಕ
ಧಾರವಾಡ