ಕ್ಯಾಲಿಫೋರ್ನಿಯಾದ ಜನಮತ: 1911 ಮತ್ತು 1920

ಮಾನ್ಯ ಸಂಪಾದಕರೇ,

ಕಾನೂನುಗಳನ್ನು ಶಾಸಕರಿಗೆ ಬಿಡದೆ ಮತದಾರರೇ ನೇರವಾಗಿ ತೀರ್ಮಾನಿಸಬೇಕೆನ್ನುವವರು ಅಮೆರಿಕದ ಕ್ಯಾಲಿಫೋರ್ನಿಯಾದ 1911ರ ಚುನಾವಣೆಯನ್ನು ಆಧಾರವಾಗಿ ಕೊಡುವುದುಂಟು. ಅದು ಹೆಮ್ಮೆಯಿಂದ ಹೇಳಬೇಕಾದ ಆಧಾರವೇ. ಸದರ್ನ್ ಪೆಸಿಫಿಕ್ ರೈಲ್ವೆ ಕಂಪನಿಯ ಹಿಡಿತದಿಂದ ರಾಜ್ಯದ ಆಡಳಿತವನ್ನು ಬಿಡಿಸುವುದಾಗಿ ಮಾತುಕೊಟ್ಟು ಗೆದ್ದಿದ್ದ ಗವರ್ನರ್ ಹೈರಮ್ ಜಾನ್ಸನ್ ಅವರ ಅವಧಿಯಲ್ಲಿ, ಆ ವರ್ಷದ ಅಕ್ಟೋಬರ್ 10ರಂದು ಸಂವಿಧಾನದ 23 ತಿದ್ದುಪಡಿಗಳು ಒಟ್ಟಿಗೇ ಮತಕ್ಕೆ ಬಂದವು. ಸಹಿ ಸಂಗ್ರಹಿಸಿ ಹೊಸ ಕಾನೂನನ್ನು ಮುಂದಿಡುವ, ಶಾಸನಸಭೆಯ ಕಾನೂನನ್ನು ತಡೆಹಿಡಿಯುವ, ನ್ಯಾಯಾಧೀಶರೂ ಸೇರಿದಂತೆ ಚುನಾಯಿತರನ್ನು ಅವಧಿಗೆ ಮುನ್ನ ಕೆಳಗಿಳಿಸುವ ಅಧಿಕಾರಗಳು ಜನರಿಗೆ ದಕ್ಕಿದ್ದು ಅಂದೇ. ಮಹಿಳೆಯರ ಮತಾಧಿಕಾರವೂ ಅಂದೇ ಗೆದ್ದಿತು. ಪುರುಷರಷ್ಟೇ ಮತ ಹಾಕಿದ ಆ ಚುನಾವಣೆಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋ ನಗರ ಅದನ್ನು ತಿರಸ್ಕರಿಸಿತು, ಸೋಲು ಖಚಿತವೆಂಬ ಸುದ್ದಿಯೂ ಹಬ್ಬಿತು. ಗ್ರಾಮಾಂತರದ ಎಣಿಕೆ ಬಂದ ಮೇಲೆ ಕೇವಲ 3,587 ಮತಗಳ ಅಂತರದಲ್ಲಿ ಅದು ಅಂಗೀಕಾರವಾಯಿತು.

ಆದರೆ ಚರಿತ್ರೆಯನ್ನು ಅಲ್ಲಿಗೇ ನಿಲ್ಲಿಸುವುದು ನ್ಯಾಯವಲ್ಲ. 1920ರ ನವೆಂಬರ್‌ನಲ್ಲಿ ಅದೇ ಸಹಿ ಸಂಗ್ರಹದ ಹಕ್ಕನ್ನು ಬಳಸಿ, ಜಪಾನೀ ರೈತರನ್ನು ಗುರಿಯಾಗಿಸಿದ ಭೂಕಾನೂನೊಂದನ್ನು ಮತಕ್ಕೆ ತರಲಾಯಿತು. 'ಪೌರತ್ವಕ್ಕೆ ಅನರ್ಹರಾದ ವಿದೇಶಿಯರು', ಎಂದರೆ ಮುಖ್ಯವಾಗಿ ಏಷ್ಯಾದಿಂದ ಬಂದವರು, ಜಮೀನು ಕೊಳ್ಳುವುದನ್ನು 1913ರಲ್ಲಿ ಶಾಸನಸಭೆಯೇ ನಿಷೇಧಿಸಿತ್ತಾದರೂ ಮೂರು ವರ್ಷದ ಗೇಣಿಗೆ ಅವಕಾಶ ಉಳಿಸಿತ್ತು. ಜನಮತವು ಆ ಗೇಣಿಯನ್ನೂ ಕಿತ್ತುಕೊಂಡಿತು; ಅಮೆರಿಕದಲ್ಲೇ ಹುಟ್ಟಿದ ಮಕ್ಕಳ ಹೆಸರಿನ ಜಮೀನಿಗೆ ಹೆತ್ತವರು ಪಾಲಕರಾಗುವುದನ್ನೂ ತಡೆಯಿತು. ಪರವಾಗಿ ಬಿದ್ದ ಮತಗಳು ವಿರುದ್ಧದ ಮತಗಳ ಸುಮಾರು ಮೂರು ಪಟ್ಟು. ಶಾಸಕರಿಗಿಂತ ಮತದಾರರು ಇಲ್ಲಿ ಹೆಚ್ಚು ನಿರ್ದಯರಾದರೆಂಬುದು ನನ್ನನ್ನು ಬಹಳ ಕಾಡುವ ಸಂಗತಿ.

ಭಾರತೀಯರು ಪೌರತ್ವಕ್ಕೆ ಅನರ್ಹರೆಂದು ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿ ವಲಸಿಗರ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 1923ರಲ್ಲಿ ತೀರ್ಪಿತ್ತ ಮೇಲೆ, ಇಂಪೀರಿಯಲ್ ಕಣಿವೆಯಲ್ಲಿ ಬೇಸಾಯಕ್ಕಿಳಿದಿದ್ದ ಪಂಜಾಬಿ ರೈತರಿಗೂ ಈ ಕಾನೂನು ತಟ್ಟಿತು. ತಾವು ಉಳುವ ನೆಲದ ಕಾಗದಪತ್ರಗಳನ್ನು ನಂಬಿಕಸ್ಥ ಬಿಳಿಯರ ಹೆಸರಿನಲ್ಲಿ ಇರಿಸಬೇಕಾದ ಸ್ಥಿತಿ ಅವರಲ್ಲಿ ಹಲವರಿಗೆ ಒದಗಿತು. ಪೌರತ್ವವೇ ಇಲ್ಲದ ಆ ರೈತರಿಗೆ ತಮ್ಮ ಬದುಕನ್ನು ನಿರ್ಧರಿಸುವ ಚುನಾವಣೆಗಳಲ್ಲಿ ಮತವಿರಲಿಲ್ಲ.

ಪಾಲಕತ್ವದ ನಿರ್ಬಂಧವನ್ನು 1922ರಲ್ಲಿ, ಇಡೀ ಕಾನೂನನ್ನು 1952ರಲ್ಲಿ ಅಸಿಂಧುವೆಂದು ಸಾರಿದ್ದು ರಾಜ್ಯದ ಸರ್ವೋಚ್ಚ ನ್ಯಾಯಾಲಯ. ಮತದಾರರು ಅದನ್ನು ರದ್ದುಪಡಿಸಿದ್ದು 1956ರಲ್ಲಿ. ನೇರ ಜನಮತವನ್ನು ಬೆಂಬಲಿಸಿ ಬರೆಯುವವರು, ಮತವಿಲ್ಲದವರ ಹಕ್ಕುಗಳನ್ನು ಅದರ ವ್ಯಾಪ್ತಿಯಿಂದ ಹೊರಗಿಡುವ ಬಗೆ ಹೇಗೆಂಬುದನ್ನೂ ತಮ್ಮ ಪತ್ರಿಕೆಯಲ್ಲಿ ವಿವರಿಸಬೇಕೆಂದು ಕೋರುತ್ತೇನೆ.

– ಒಬ್ಬ ಓದುಗ, ಧಾರವಾಡ