ಹೂವಿನ ಕಣಿವೆಗೆ ಭ್ಯೂಂಡಾರ್‌ನವರ ಕೈ ಬೇಕು

ಉತ್ತರಾಖಂಡದ ಮಾನ್ಯ ಅರಣ್ಯ ಸಚಿವರಿಗೆ,

ನಮಸ್ಕಾರ ಸರ್. ಹೂವಿನ ಕಣಿವೆಯಲ್ಲಿ ಹಬ್ಬುತ್ತಿರುವ ಒಂದು ಗಿಡವನ್ನು ತೆಗೆಯುವ ಕೆಲಸ ಅಲ್ಲಿನ ಭ್ಯೂಂಡಾರ್ ಊರಿನವರಿಗೆ ಕೊಡಿ ಅಂತ ಕೇಳಲು ಈ ಪತ್ರ. ಇದರ ಹಿಂದಿ ಪ್ರತಿಯನ್ನು ನಿಮ್ಮ ಕಚೇರಿಗೆ ಅಂಚೆಯಲ್ಲಿ ಕಳಿಸಿದ್ದೇನೆ. ನಮ್ಮ ಕಡೆಯಿಂದ ಟ್ರೆಕ್ಕಿಂಗ್‌ಗೆ ಬರುವವರೂ ಓದಲಿ ಅಂತ ಇಲ್ಲಿ ಕನ್ನಡದಲ್ಲಿ ಹಾಕುತ್ತಿದ್ದೇನೆ.

ಹೋದ ಆಗಸ್ಟ್‌ನಲ್ಲಿ ಘಾಂಘರಿಯಾ ಊರಿನಿಂದ ಹೂವಿನ ಕಣಿವೆಗೆ (ವ್ಯಾಲಿ ಆಫ್ ಫ್ಲವರ್ಸ್) ನಡೆದು ಹೋಗಿದ್ದೆ. ಭೂರ್ಜ ಮರಗಳನ್ನು ದಾಟಿ, ಪುಷ್ಪಾವತಿ ನದಿಯ ಸದ್ದು ಕೇಳುತ್ತಾ ಒಳಗೆ ಹೋದರೆ ಬೆಟ್ಟದ ಮೈ ತುಂಬಾ ಹೂವು. ಒಂದು ಬಂಡೆಯ ಸಂದಿಯಲ್ಲಿ ನೀಲಿ ಗಸಗಸೆ ಹೂವಿತ್ತು. ಕಾಂಡದ ತುಂಬಾ ಸಣ್ಣ ಮುಳ್ಳು, ಎಸಳು ಮಾತ್ರ ಈರುಳ್ಳಿ ಸಿಪ್ಪೆಯಷ್ಟು ತೆಳು. ಮಳೆಹನಿ ಬಿದ್ದಾಗಲೆಲ್ಲ ನಡುಗುತ್ತಿತ್ತು. ಅದರ ಮುಂದೆ ಕೂತವನಿಗೆ ಏಳೋಕೆ ಮನಸ್ಸೇ ಬರಲಿಲ್ಲ.

ಸ್ವಲ್ಪ ಮುಂದೆ ಹೋದರೆ ಎದೆಮಟ್ಟ ಬೆಳೆದ ಒಂದೇ ಜಾತಿಯ ಗಿಡ. ಬಿಳಿ ಗೊಂಚಲು ಹೂವು, ಅದರ ಬುಡದಲ್ಲಿ ಬೇರೆ ಏನೂ ಇಲ್ಲ. ಅಲ್ಲಿಯವರು ಅದನ್ನು ಅಮೇಲಾ ಅನ್ನುತ್ತಾರೆ. ಪುಸ್ತಕದಲ್ಲಿ ಪಾಲಿಗೋನಮ್. ಅದು ಹೊರಗಿನಿಂದ ಬಂದದ್ದಲ್ಲ, ಹಿಮಾಲಯದ್ದೇ ಗಿಡ. ಆದರೆ ಈಗ ಉಳಿದವಕ್ಕೆ ಜಾಗ ಬಿಡುತ್ತಿಲ್ಲ. ಕೂಲಿಯವರು ಕೀಳುತ್ತಿದ್ದರು. ಒಂದು ಗಿಡ ಎಳೆದಾಗ ಕಾಂಡ ಕೈಗೆ ಬಂತು, ಬೇರು ನೆಲದಲ್ಲೇ ಉಳಿಯಿತು. ಶುಂಠಿಯ ಹಾಗೆ ಅಡ್ಡಡ್ಡ ಹರಡುವ ಬೇರು ಸರ್ ಅದು. ತುಂಡು ಉಳಿದರೂ ಸಾಕು, ಮತ್ತೆ ಚಿಗುರುತ್ತದೆ.

1982ರಲ್ಲಿ ಕಣಿವೆ ರಾಷ್ಟ್ರೀಯ ಉದ್ಯಾನವಾಯಿತು. ಮರುವರ್ಷ ಕುರಿ ಮೇಯಿಸುವುದು ನಿಂತಿತು. ಅಮೇಲಾ ಜಾಸ್ತಿಯಾಗಿದ್ದು ಆಮೇಲೆಯೇ ಎಂದು ಕೆಲವು ವಿಜ್ಞಾನಿಗಳು ಹೇಳುತ್ತಾರೆ. ಹಿಂದೆ ಕುರಿ ವಿಪರೀತ ಮೇಯಿಸಿದ್ದರಿಂದಲೇ ಅದು ನೆಲೆಯೂರಿತು ಅನ್ನುವವರೂ ಇದ್ದಾರೆ. ಆ ವಾದ ನಾನು ಬಗೆಹರಿಸಲಾರೆ. ಆದರೆ ಇದನ್ನು ಓದಿದಾಗ ನನಗೆ ನಮ್ಮ ಬಿಳಿಗಿರಿರಂಗನ ಬೆಟ್ಟ ನೆನಪಾಯಿತು. ಅಲ್ಲಿನ ಸೋಲಿಗರು ತರಗು ಬೆಂಕಿ ಹಾಕುತ್ತಿದ್ದರು, ಅಂದರೆ ನೆಲದ ಒಣ ಎಲೆಗೆ ಸಣ್ಣ ಬೆಂಕಿ. ಅದನ್ನು ನಿಲ್ಲಿಸಿದ ಮೇಲೆ ಲಂಟಾನ ಅನ್ನುವ ಹೊರಗಿನ ಕಳೆಪೊದೆ ಕಾಡನ್ನು ತುಂಬಿತು ಅನ್ನುತ್ತಾರೆ ಅವರು. ಅವರ ಮಾತನ್ನು ಬಹಳ ಕಾಲ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. 2011ರಲ್ಲಿ ಅವರಿಗೆ ಕಾಡಿನ ಸಮುದಾಯ ಹಕ್ಕು ಸಿಕ್ಕಿತು. ಅಷ್ಟು ಹೊತ್ತಿಗೆ ಲಂಟಾನ ಎಲ್ಲ ಕಡೆ ಹಬ್ಬಿತ್ತು.

ಮತ್ತೆ ಕುರಿ ಬಿಡಿ ಅಂತ ನಾನು ಕೇಳುತ್ತಿಲ್ಲ. ಕಾನೂನು ಬಿಡುವುದಿಲ್ಲ ಅಂತ ಗೊತ್ತು. ಕಸ್ತೂರಿ ಮೃಗ, ಕರಡಿ, ಹಿಮಚಿರತೆ ಇರುವ ಜಾಗ ಅದು, 2005ರಿಂದ ವಿಶ್ವ ಪರಂಪರೆಯ ತಾಣ ಬೇರೆ. ನಾನು ಕೇಳುವುದು ಇಷ್ಟೇ. ಕಣಿವೆಯನ್ನು ತಲೆಮಾರುಗಳಿಂದ ಬಲ್ಲವರು ಭ್ಯೂಂಡಾರ್ ಊರಿನವರು. 2013ರ ಪ್ರವಾಹದಲ್ಲಿ ಅವರು ಪಟ್ಟ ಕಷ್ಟ ನಿಮಗೆ ಗೊತ್ತೇ ಇದೆ. ದಾರಿಯ ಕಸ ಎತ್ತುವುದೂ ಅವರ ಸಮಿತಿಯೇ. ಅಮೇಲಾ ತೆಗೆಯುವ ಕೆಲಸವನ್ನೂ ಅವರಿಗೇ ಕೊಡಿ. ಒಂದು ಸೀಸನ್‌ಗೆ ಅಲ್ಲ, ಕನಿಷ್ಠ ಹತ್ತು ವರ್ಷಕ್ಕೆ, ಒಳ್ಳೆಯ ಕೂಲಿ ಕೊಟ್ಟು. ಹೂ ಬಿಡುವ ಮೊದಲೇ, ಬೇರು ಸಮೇತ ತೆಗೆಸಿ. ಯಾವ ಇಳಿಜಾರಿನಲ್ಲಿ ಮೊದಲು ಏನು ಬೆಳೆಯುತ್ತಿತ್ತು ಅಂತ ಅಲ್ಲಿನ ಹಿರಿಯರನ್ನು ಕೇಳಿ ಬರೆಸಿಡಿ. ಅವರಿಗೆಲ್ಲ ವಯಸ್ಸಾಗುತ್ತಿದೆ ಸರ್. ಈ ಕೆಲಸ ಈ ವರ್ಷವೇ ಶುರುವಾಗಲಿ.

ಇಂತಿ,
ಬೆಂಗಳೂರಿನಿಂದ ಬಂದಿದ್ದ ಒಬ್ಬ ಚಾರಣಿಗ