ಸೀಟಿನ ಹಿಂದೆ ಪೆಟ್ರೋಲು, ಸೀಟಿನ ಕೆಳಗೆ ಬ್ಯಾಟರಿ

ಸಂಪಾದಕರಿಗೆ,

ಮಾನ್ಯರೆ,

ಕಳೆದ ಭಾನುವಾರದ ನಿಮ್ಮ ಪುರವಣಿಯಲ್ಲಿ ಹಳೆಯ ವಾಹನಗಳಿಗೆ ಹೊಸ ಜೀವ ಕೊಡುವವರ ಬಗ್ಗೆ ಬಂದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ಸಂತೋಷಕ್ಕೆ, ಎರಡನೆಯ ಸಲ ಸಿಟ್ಟಿಗೆ. ಹಳೆಯ ಪಿಕಪ್ಪೊಂದರ ಬ್ಯಾಟರಿಯನ್ನು ಕಣ್ಣಿಗೆ ಕಾಣದಂತೆ ಸೀಟಿನ ಕೆಳಗೆ ಸೇರಿಸಿದ್ದನ್ನು ಲೇಖಕರು ಕೈಚಳಕವೆಂದು ಹೊಗಳಿದ್ದಾರೆ. ಅಂಥದೇ ಕೈಚಳಕದ ದೆಸೆಯಿಂದ ಹೋದ ಆಗಸ್ಟಿನಲ್ಲಿ ನಾನು ಮತ್ತು ನನ್ನ ಮೊಮ್ಮಗ ಶಿವಮೊಗ್ಗ–ಸಾಗರ ರಸ್ತೆಯ ಚೋರಡಿ ದಾಟಿದ ಮೇಲೆ ರಸ್ತೆಯ ಮಗ್ಗುಲಲ್ಲಿ ಸುಟ್ಟುಹೋಗುವುದರಲ್ಲಿದ್ದೆವು.

ನಮ್ಮ ಮನೆಯಲ್ಲಿರುವುದು 1951ರ ಷೆವರ್ಲೆ ಪಿಕಪ್. ನಮ್ಮ ಮಾವನವರು ಕೊನೆಯವರೆಗೂ ಅದನ್ನು 'ಚವರ್ಲೆಟ್ಟು' ಎಂದೇ ಕರೆದರು. ಕೊಟ್ಟಿಗೆಯ ಪಕ್ಕದ ಅದರ ಮಾಡಿಗೆ ಈಗಲೂ ಅದೇ ಹೆಸರು. ಜನರಲ್ ಮೋಟಾರ್ಸ್‌ನವರು 1928ರಿಂದ 1954ರವರೆಗೆ ಮುಂಬಯಿಯ ಸೇವ್ರಿಯಲ್ಲಿ ವಾಹನ ಜೋಡಿಸುತ್ತಿದ್ದ ಕಾಲದ ಗಾಡಿ ಇದು. ಲಿಂಗನಮಕ್ಕಿ ಅಣೆಕಟ್ಟಿನ ಕೆಲಸ ಮುಗಿದ ಮೇಲೆ ಗುತ್ತಿಗೆದಾರರೊಬ್ಬರು ಮಾರಿಹೋದದ್ದನ್ನು ಮಾವನವರು ಅಡಿಕೆ ಸಾಗಿಸಲು ಕೊಂಡರು. ಅಳಿಯನಾದ ನನ್ನ ಪಾಲಿಗೆ ತೋಟ ಬರಲಿಲ್ಲ, ಇದು ಬಂತು.

ಈ ಗಾಡಿಯ ಬ್ಯಾಟರಿ ಬಾನೆಟ್ ಅಡಿಯಲ್ಲಿಲ್ಲ. ಕಾಲಿಡುವ ನೆಲದ ಕೆಳಗೆ ತಟ್ಟೆಯೊಂದರಲ್ಲಿ ತೂಗಿಕೊಂಡಿರುತ್ತದೆ. ಮ್ಯಾಟ್ ಎತ್ತಿ, ಸಣ್ಣ ಮುಚ್ಚಳ ತೆಗೆದು, ಮಂಡಿಯೂರಿ ನೀರು ಹಾಕಬೇಕು. ಒಣ ಸೀಮೆಗೆ ಅದು ಒಳ್ಳೆಯ ಜಾಗವೇ ಇರಬಹುದು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಚಕ್ರ ಎರಚುವ ಕೆಂಪು ರಾಡಿಯೆಲ್ಲ ನೇರವಾಗಿ ಅದೇ ತಟ್ಟೆಗೆ ಬಡಿಯುತ್ತದೆ. ಸಾಲದ್ದಕ್ಕೆ ಅಡಿಕೆಯ ಕೊಳೆರೋಗದ ಕಾಲದಲ್ಲಿ, ಮೈಲುತುತ್ತ ಮತ್ತು ಸುಣ್ಣ ಕಲಸಿದ ಬೋರ್ಡೊ ದ್ರಾವಣದ ಡ್ರಮ್ಮುಗಳ ತುಳುಕಾಟ. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದೆಂದು ಎಲ್ಲ ಅಡಿಕೆ ಬೆಳೆಗಾರರಿಗೂ ಗೊತ್ತು. ಸುಣ್ಣ ಸಾಕಾಯಿತೇ ಎಂದು ಕತ್ತಿ ಅದ್ದಿ ನೋಡುವವರೂ ನಾವೇ. ಚೆಲ್ಲುವುದು ಮಾತ್ರ ಕಬ್ಬಿಣದ ಮೇಲೆಯೇ. ಬ್ಯಾಟರಿಯ ಟರ್ಮಿನಲ್ ಮೇಲೆ ಬೆಳೆಯುವ ನೀಲಿ ಹೊಪ್ಪಳೆಯೂ ಹೆಚ್ಚುಕಡಿಮೆ ಅದೇ ಮೈಲುತುತ್ತ, ಆಸಿಡ್ ತಾಮ್ರದ ತುದಿಯನ್ನು ತಿಂದು ಕಕ್ಕಿದ್ದು. ಅಡುಗೆ ಸೋಡಾ ಕದಡಿದ ನೀರಿನಲ್ಲಿ ತೊಳೆದರೆ ಹೋಗುತ್ತದೆ. ತುಕ್ಕು ಹಿಡಿದ ತಟ್ಟೆ ಹಾಗೆ ತೊಳೆದರೆ ಹೋಗುವುದಿಲ್ಲ. ಎರಡು ವರ್ಷದ ಹಿಂದೆ ಅದರ ತಳವೇ ಕಳಚಿತು.

ಇನ್ನೊಂದು ಕಾರಣವೂ ಇತ್ತು. ಗಾಡಿ ಹುಟ್ಟಿದ್ದು ಆರು ವೋಲ್ಟಿಗೆ. ಆ ಗಾತ್ರದ ಆರು ವೋಲ್ಟಿನ ಬ್ಯಾಟರಿ ಹುಡುಕಿ ಸಾಕಾಗಿ ನಾನು ಹನ್ನೆರಡಕ್ಕೆ ಬದಲಾಯಿಸಿಕೊಂಡಿದ್ದೆ. ಬಲ್ಬು, ಕಾಯಿಲ್, ಡೈನಮೋ ಬದಲು ಆಲ್ಟರ್ನೇಟರ್. ಎಂಜಿನ್ ಶುರುಮಾಡುವ ಮೋಟರು, ಅಂದರೆ ಸ್ಟಾರ್ಟರ್, ಮಾತ್ರ ಹಳೆಯ ಆರು ವೋಲ್ಟಿನದೇ. ಹೆಚ್ಚು ಹೊತ್ತು ಒತ್ತದಿದ್ದರೆ ಅದು ಹನ್ನೆರಡನ್ನೂ ಸಹಿಸುತ್ತದೆ. ಹೊಸ ಬ್ಯಾಟರಿಯನ್ನು ಹಳೆಯ ತಟ್ಟೆಯ ಜಾಗದಲ್ಲಿ ಹೇಗೋ ತುರುಕಿಸಿ ಓಡಿಸುತ್ತಿದ್ದೆ. ತಳ ಕಳಚಿದ ಮೇಲೆ ಅದೂ ಆಗಲಿಲ್ಲ. ಹಾಗಾಗಿ ಬ್ಯಾಟರಿಯ ಜಾಗ ಬದಲಿಸುವವರ ಮೇಲೆ ನನ್ನ ತಕರಾರಿಲ್ಲ. ನಾನೂ ಬದಲಿಸಿದವನೇ.

ಶಿವಮೊಗ್ಗದ ವರ್ಕ್‌ಶಾಪ್ ಒಂದಕ್ಕೆ ಬಿಟ್ಟೆ. ಯಾವುದೆಂದು ಬರೆಯುವುದಿಲ್ಲ; ಅಲ್ಲಿಯ ಹುಡುಗರು ಗೇರ್‌ಬಾಕ್ಸ್ ಕೆಲಸದಲ್ಲಿ ನಿಜಕ್ಕೂ ಗಟ್ಟಿಗರು. ಮೂರು ದಿನ ಬಿಟ್ಟು ಹೋದಾಗ ಬ್ಯಾಟರಿ ಸೀಟಿನ ಕೆಳಗೆ ಕುಳಿತಿತ್ತು. ಮೇಲೆ ಹೊಸ ರೆಕ್ಸಿನ್. ನೋಡಲು ಚೆನ್ನಾಗಿಯೇ ಇತ್ತು. ಮಳೆ ಹಿಡಿದಿತ್ತು, ಮೊಮ್ಮಗನಿಗೆ ಹಸಿವಾಗಿತ್ತು, ನಾನು ಬಗ್ಗಿ ನೋಡಲಿಲ್ಲ. ಮೂವತ್ತನಾಲ್ಕು ವರ್ಷ ಶರಾವತಿ ವಿದ್ಯುದಾಗಾರದಲ್ಲಿ ಕೆಲಸ ಮಾಡಿದವನು ಬಗ್ಗಿ ನೋಡಲಿಲ್ಲವೆಂಬುದನ್ನು ನಿಮ್ಮ ಓದುಗರ ಮುಂದೆ ನಾಚಿಕೆಯಿಂದಲೇ ಒಪ್ಪಿಕೊಳ್ಳುತ್ತೇನೆ.

ಆಯನೂರು, ಕುಂಸಿ ಕಳೆಯಿತು. ಚೋರಡಿಯ ಸೇತುವೆ ದಾಟಿ ಸ್ವಲ್ಪ ದೂರ ಬಂದಿರಬೇಕು, ರಬ್ಬರ್ ಸುಟ್ಟ ವಾಸನೆ. ಬ್ರೇಕ್ ಹಿಡಿದಿದೆಯೇನೋ ಎಂದುಕೊಂಡೆ. ಅಷ್ಟರಲ್ಲಿ ಕಾಲಬುಡದಿಂದ ಹೊಗೆ ಎದ್ದಿತು. ಕೀ ತಿರುಗಿಸಿ ಎಂಜಿನ್ ನಿಲ್ಲಿಸಿದೆ. ಹೊಗೆ ನಿಲ್ಲಲಿಲ್ಲ. ನಿಲ್ಲಬೇಕಾದ ಕಾರಣವೂ ಇರಲಿಲ್ಲ: ಈ ಗಾಡಿಯಲ್ಲಿ ಸ್ಟಾರ್ಟರನ್ನು ಕಾಲಿನಿಂದ ಒತ್ತಬೇಕು, ಸ್ವಿಚ್ಚು ಸ್ಟಾರ್ಟರಿನ ಮೈಮೇಲೆಯೇ ಇದೆ. ಬ್ಯಾಟರಿಯಿಂದ ಅಲ್ಲಿಯವರೆಗಿನ ದಪ್ಪ ಕೇಬಲ್ಲಿನಲ್ಲಿ ಕೀ ಹಾಕಿದರೂ ತೆಗೆದರೂ ಹಗಲುರಾತ್ರಿ ಕರೆಂಟ್ ಇದ್ದೇ ಇರುತ್ತದೆ.

ನಾವು ಉಳಿದದ್ದು ಒಂದು ಚಿಕ್ಕ ತಿರುಪಿನಿಂದ. ಗಾಡಿ ವಾರಗಟ್ಟಲೆ ನಿಂತಿರುವುದರಿಂದ ಬ್ಯಾಟರಿ ಇಳಿಯಬಾರದೆಂದು ನೆಗೆಟಿವ್ ಟರ್ಮಿನಲ್‌ಗೆ ನಾನೇ ಕೂರಿಸಿದ್ದ ಹಸಿರು ಗುಬುಟಿನ ಐಸೊಲೇಟರ್, ಅಂದರೆ ಬ್ಯಾಟರಿಯ ಸಂಪರ್ಕ ಕಡಿಯುವ ಸ್ವಿಚ್ಚು, ಇನ್ನೂರು ಚಿಲ್ಲರೆ ರೂಪಾಯಿಯದು. ಬೆಂಕಿಯ ಯೋಚನೆ ಆಗ ನನಗಿರಲಿಲ್ಲ, ಜಿಪುಣತನವಷ್ಟೆ. ಮೊಮ್ಮಗನನ್ನು ಮಳೆಗೆ ತಳ್ಳಿ, ಸೀಟು ಎತ್ತಿ, ಆ ಗುಬುಟನ್ನು ತಿರುಗಿಸಿದೆ. ಹೊಗೆ ತಣ್ಣಗಾಯಿತು. ಸ್ಪ್ಯಾನರ್ ಹುಡುಕಬೇಕಾಗಿ ಬಂದಿದ್ದರೆ ಈ ಪತ್ರ ಬರೆಯಲು ನಾನಿರುತ್ತಿರಲಿಲ್ಲ. ಏಕೆಂದರೆ ಲೇಖನದಲ್ಲಿ ಬಾರದ, ವರ್ಕ್‌ಶಾಪಿನವರಿಗೂ ಹೊಳೆಯದ ಸಂಗತಿಯೊಂದಿದೆ. ಈ ಮಾದರಿಯಲ್ಲಿ 1949ರಿಂದ ಪೆಟ್ರೋಲ್ ಟ್ಯಾಂಕನ್ನು ಕ್ಯಾಬಿನ್ನಿನ ಒಳಗೆ, ಸೀಟಿನ ಬೆನ್ನ ಹಿಂದೆಯೇ ನಿಲ್ಲಿಸಿದ್ದಾರೆ. ಅಂದರೆ ನಮ್ಮ ಬೆನ್ನಿಗೆ ಪೆಟ್ರೋಲು, ಅಡಿಗೆ ಬ್ಯಾಟರಿ.

ಮನೆಗೆ ಎಳೆದು ತಂದು ಬಿಚ್ಚಿದಾಗ ಎಲ್ಲವೂ ಕಂಡಿತು. ನೆಲದ ತಗಡಿಗೆ ರಂಧ್ರ ಕೊರೆದು ಕೇಬಲ್ಲನ್ನು ಹಾಗೆಯೇ ನುಗ್ಗಿಸಿದ್ದರು. ರಂಧ್ರದ ಅಂಚಿಗೆ ನಾಲ್ಕಾಣೆಯ ರಬ್ಬರ್ ಬಳೆಯೂ ಇಲ್ಲ. ಎಂಜಿನ್ ನಡುಗಿದಂತೆಲ್ಲ ತಗಡು ಹೊರಪದರವನ್ನು ಗರಗಸದಂತೆ ಕೊಯ್ದು ತಾಮ್ರ ಮುಟ್ಟಿತ್ತು. ಸೀಟಿನ ಒಂದು ಸ್ಪ್ರಿಂಗ್ ತುದಿ ಬೆಳ್ಳಿಯಂತೆ ಮಿನುಗುತ್ತಿತ್ತು. ನನ್ನ ತೂಕಕ್ಕೆ ಬಗ್ಗಿ ಪಾಸಿಟಿವ್ ಟರ್ಮಿನಲ್ಲನ್ನು ಆಗಾಗ ನೆಕ್ಕಿ ಬಂದ ಗುರುತು. ಬ್ಯಾಟರಿಯನ್ನು ಸೈಕಲ್ ಟ್ಯೂಬಿನಲ್ಲಿ ಕಟ್ಟಿದ್ದರು.

ಹದಿನಾರು ಹದಿನೇಳು ಕಿಲೋದ ಪೆಟ್ಟಿಗೆಯನ್ನು ಎತ್ತಿಡಲು ಇಬ್ಬರು ಸಾಕು. ಅದರ ಹಿಂದೆ ಹರಿದು ಬರುವ ಕರೆಂಟಿಗೆ ದಾರಿ ಮಾಡುವುದೇ ಕೆಲಸ. ಹನ್ನೆರಡು ವೋಲ್ಟು ಎಂದರೆ ನಮ್ಮ ಜನಕ್ಕೆ ಸದರ. ಮುಟ್ಟಿದರೆ ಹೊಡೆಯುವುದಿಲ್ಲ, ನಿಜ. ಆದರೆ ಹಾದಿ ತಪ್ಪಿ ಚಾಸಿಗೆ, ಅಂದರೆ ಗಾಡಿಯ ಕಬ್ಬಿಣದ ಅಡಿಚೌಕಟ್ಟಿಗೆ, ತಾಗಿದರೆ ಅದೇ ಬ್ಯಾಟರಿಯಿಂದ ಸಾವಿರ ಆಂಪಿಯರ್ ಹರಿಯಬಲ್ಲದು. ವೆಲ್ಡಿಂಗ್‌ಗೆ ಇದರ ಕಾಲುಭಾಗವೂ ಬೇಕಾಗಿಲ್ಲ.

ಆದ್ದರಿಂದ ಫ್ಯೂಸು. ಬ್ಯಾಟರಿಯ ಪಾಸಿಟಿವ್ ತುದಿಯಿಂದ ಒಂದು ಗೇಣಿನೊಳಗೆ ಇರಬೇಕು, ಸ್ಟಾರ್ಟರಿನ ಹತ್ತಿರ ಅಲ್ಲ. ಫ್ಯೂಸು ಕಾಯುವುದು ತನ್ನ ಮುಂದಿನ ತಂತಿಯನ್ನು. ಹಿಂದೆ ಉಳಿದ ತಂತಿಗೆ ಅದು ದಿಕ್ಕಲ್ಲ. ನಾನು 250 ಆಂಪಿಯರಿನ ದೊಡ್ಡ ಪಟ್ಟಿ ಫ್ಯೂಸನ್ನು ಹಾಕಿದ್ದೇನೆ. ಕಾರ್ಖಾನೆಯಿಂದ ಬಂದಾಗ ಇರಲಿಲ್ಲವಲ್ಲ ಎಂದು ವಾದಿಸುವವರಿದ್ದಾರೆ. ಆಗ ಕೇಬಲ್ ಮೊಳ ಎರಡು ಮೊಳ ಉದ್ದವಿತ್ತು, ಈಗ ಮೂರು ಮೀಟರು.

ಉದ್ದವಾದಷ್ಟೂ ದಪ್ಪವಾಗಬೇಕು, ಇದು ಲೆಕ್ಕ. ವರ್ಕ್‌ಶಾಪಿನವರು ಹಾಕಿದ್ದು 16 ಚದರ ಮಿಲಿಮೀಟರಿನದು. ಮೂರು ಮೀಟರ್ ಉದ್ದಕ್ಕೆ, ಸ್ಟಾರ್ಟರ್ 200 ಆಂಪಿಯರ್ ಎಳೆಯುವಾಗ, ಅದರಲ್ಲಿಯೇ ಸುಮಾರು ಮುಕ್ಕಾಲು ವೋಲ್ಟಿನಷ್ಟು ಸೋರಿಹೋಗುತ್ತದೆ. ನಾನು ಈಗ ಎಳೆದಿರುವ 50 ಚದರ ಮಿಲಿಮೀಟರಿನ ತಾಮ್ರದ ವೆಲ್ಡಿಂಗ್ ಕೇಬಲ್ಲಿನಲ್ಲಿ ಕಾಲು ವೋಲ್ಟೂ ಇಲ್ಲ. ಇನ್ನೂ ಆರು ವೋಲ್ಟಿನಲ್ಲಿಯೇ ಇರುವವರು ಇನ್ನೂ ದಪ್ಪದ್ದನ್ನು ಕೊಳ್ಳಬೇಕು. ಅದೇ ಕೆಲಸಕ್ಕೆ ಅಲ್ಲಿ ಕರೆಂಟು ಇಮ್ಮಡಿ, ಕಳೆದುಕೊಳ್ಳಲು ಇರುವ ವೋಲ್ಟು ಅರ್ಧ. ಅಂಗಡಿಯಲ್ಲಿ ತುದಿಯನ್ನು ಚಾಕುವಿನಿಂದ ಕೆರೆದು ನೋಡಿ. ಮೇಲೆ ತಾಮ್ರದ ಬಣ್ಣ, ಒಳಗೆ ಅಲ್ಯೂಮಿನಿಯಂ ಇರುವ ಸರಕು ಈಗ ಬಹಳ.

ಅರ್ತಿಂಗ್, ಅಂದರೆ ಕರೆಂಟು ಬ್ಯಾಟರಿಗೆ ಮರಳುವ ದಾರಿಯ ವಿಷಯದಲ್ಲಿ ಎಲ್ಲರೂ ಮೈಮರೆಯುತ್ತಾರೆ. ನೆಗೆಟಿವ್ ತಂತಿಯನ್ನು ಚಾಸಿಗೆ ಬಿಗಿದರೆ ಮುಗಿಯಿತೆಂದುಕೊಳ್ಳುತ್ತಾರೆ. ಎಂಜಿನ್ ಕುಳಿತಿರುವುದು ರಬ್ಬರಿನ ಮೇಲೆ! ಚಾಸಿಯಿಂದ ಎಂಜಿನ್ನಿಗೆ ಬೇರೊಂದು ದಪ್ಪ ಹೆಣಿಗೆಯ ಪಟ್ಟಿ ಇರಲೇಬೇಕು. ಇಲ್ಲವಾದರೆ ಕರೆಂಟು ತನಗೆ ಸಿಕ್ಕಿದ ದಾರಿ ಹಿಡಿಯುತ್ತದೆ. ಹೊಸನಗರದ ಕಡೆಯ ನೆಂಟರೊಬ್ಬರ ಜೀಪಿನಲ್ಲಿ ಕಾರ್ಬುರೇಟರಿಗೆ ಹೋಗುವ ಚೋಕ್ ತಂತಿ ಕೆಂಡದಂತೆ ಕಾಯುವುದನ್ನು ಕಣ್ಣಾರೆ ಕಂಡಿದ್ದೇನೆ. ಅವರು ಕಾರ್ಬುರೇಟರನ್ನು ಎರಡು ಸಲ ಬಿಚ್ಚಿಸಿದ್ದರು. ಬೇಕಾಗಿದ್ದದ್ದು ಒಂದು ಮೊಳ ಪಟ್ಟಿ, ಬಣ್ಣ ಕೆರೆದ ಎರಡು ಬೋಲ್ಟಿನ ಜಾಗ, ಮೇಲೆ ಸ್ವಲ್ಪ ವ್ಯಾಸಲೀನ್.

ಗಾಳಿಯ ಮಾತೂ ಇದೆ. ನಮ್ಮ ವಿದ್ಯುದಾಗಾರದಲ್ಲಿ ಹತ್ತು ಯಂತ್ರಗಳು, 1,035 ಮೆಗಾವಾಟ್. ಅಷ್ಟು ದೊಡ್ಡ ಸ್ಥಾವರದಲ್ಲಿ ನಮ್ಮ ಹಿರಿಯರು ನಮ್ಮನ್ನು ಅತಿ ಹೆಚ್ಚು ಗದರಿಸುತ್ತಿದ್ದ ಜಾಗವೆಂದರೆ ಬ್ಯಾಟರಿ ಕೋಣೆ. ಬೀಡಿ ಸೇದುವ ಮಾತಿರಲಿ, ಗಾಳಿ ಹೊರಹಾಕುವ ಫ್ಯಾನ್ ನಿಂತಿದ್ದರೆ ಒಳಗೆ ಕಾಲಿಡುವಂತಿರಲಿಲ್ಲ. ಚಾರ್ಜ್ ಆಗುವ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ ನಾಲ್ಕು ಪಾಲಾದರೆ ಕಿಡಿಯೊಂದು ಸಾಕು. ನೀರು ಹಾಕುವ ಬ್ಯಾಟರಿಯನ್ನು ಮುಚ್ಚಿದ ಕ್ಯಾಬಿನ್ನಿನಲ್ಲಿ, ಮಳೆಗೆ ಗಾಜು ಏರಿಸಿಕೊಂಡು, ತೊಡೆಯ ಕೆಳಗೆ ಇಟ್ಟುಕೊಳ್ಳುವುದು ಎಂಥ ಕೈಚಳಕ ಸ್ವಾಮಿ?

ಈಗ ನನ್ನ ಬ್ಯಾಟರಿ ಹಿಂದಿನ ತೊಟ್ಟಿಯ ಅಡಿಯಲ್ಲಿದೆ. ಆ ಪಿಕಪ್ಪಿನ ತೊಟ್ಟಿಗೆ ಮರದ ಹಲಗೆಯ ನೆಲ, ನಡುವೆ ಕಬ್ಬಿಣದ ಪಟ್ಟಿಗಳು. ಮೂಲ ಮರ ಗೆದ್ದಲಿಗೆ ಹೋಗಿ ಎಷ್ಟೋ ಕಾಲವಾಯಿತು, ಈಗಿರುವುದು ಹಲಸು. ಅದರಲ್ಲಿ ಒಂದು ತುಂಡನ್ನು ಕೀಲಿಟ್ಟು ಬಾಗಿಲು ಮಾಡಿಸಿದೆ. ಕೆಳಗೆ ಆಂಗಲ್ ಕಬ್ಬಿಣದ ಗೂಡು, ರಬ್ಬರ್ ಹಾಸು, ಮೇಲಿಂದ ಬಿಗಿಯುವ ಚೌಕಟ್ಟು, ನೀರಿಳಿಯಲು ತೂತು. ರಾಡಿ ಎರಚದಂತೆ ಮುಂದೆ ತಗಡಿನ ಮರೆ, ಹಿಂದೆ ಮಾತ್ರ ಗಾಳಿಗೆ ಬಯಲು. ಕೇಬಲ್ಲು ಸೈಲೆನ್ಸರ್ ಇಲ್ಲದ ಮಗ್ಗುಲಲ್ಲಿ, ಕೊಳವೆಯೊಳಗೆ, ಗೇಣು ಗೇಣಿಗೊಂದು ಕ್ಲಿಪ್ಪಿನಲ್ಲಿ ಬರುತ್ತದೆ. ಚಾಸಿಗೆ ಒಂದೂ ಹೊಸ ತೂತು ಹಾಕಿಲ್ಲ, ಇದ್ದವನ್ನೇ ಬಳಸಿದೆ. ಅದಕ್ಕೆ ಕಾರಣ ನನ್ನ ಭಕ್ತಿಯಷ್ಟೇ ಅಲ್ಲ. ಐವತ್ತು ವರ್ಷ ದಾಟಿದ ವಾಹನಗಳಿಗೆ ಕೇಂದ್ರ ಸರ್ಕಾರ 2021ರ ಜುಲೈಯಲ್ಲಿ ತಂದ ವಿಂಟೇಜ್ ನೋಂದಣಿಯ ನಿಯಮಗಳು ಗಾಡಿ ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು ಎನ್ನುತ್ತವೆ. ಬ್ಯಾಟರಿಗೆ ಜಾಗ ಮಾಡಲು ಕ್ಯಾಬಿನ್ನಿನ ನೆಲವನ್ನೇ ಕತ್ತರಿಸುವವರು ಕಟರ್ ಹಿಡಿಯುವ ಮೊದಲು ಇದನ್ನೂ ಓದಿಕೊಂಡರೆ ಒಳ್ಳೆಯದು.

ವರ್ಕ್‌ಶಾಪಿನ ಹುಡುಗನಿಗೆ ಸುಟ್ಟ ಕೇಬಲ್ಲಿನ ತುಂಡನ್ನು ಕೊಂಡೊಯ್ದು ತೋರಿಸಿದೆ. ಅವನು ಬಹಳ ಹೊತ್ತು ತಿರುಗಿಸಿ ತಿರುಗಿಸಿ ನೋಡಿ, ಇದನ್ನು ಇಟ್ಟುಕೊಳ್ಳಲೇ ಎಂದು ಕೇಳಿದ. ಈಗ ಅದು ಅವನ ಉಪಕರಣಗಳ ಹಲಗೆಯಲ್ಲಿ ಮೊಳೆಗೆ ನೇತಾಡುತ್ತಿದೆ.

ಪತ್ರ ಉದ್ದವಾಯಿತೆಂದು ಬಲ್ಲೆ. ಜಾಗ ಸಾಲದಿದ್ದರೆ ಮಾವನವರ ಕತೆ, ಮೈಲುತುತ್ತದ ಕತೆ, ಬೇಕಾದರೆ ನನ್ನ ನಾಚಿಕೆಯ ಕತೆಯನ್ನೂ ಕತ್ತರಿಸಿ. ಫ್ಯೂಸಿನ ಪ್ಯಾರಾಕ್ಕೆ ಮಾತ್ರ ಕತ್ತರಿ ಹಾಕಬೇಡಿ.

– ನಿವೃತ್ತ ವಿದ್ಯುದಾಗಾರ ನೌಕರ, ಆನಂದಪುರ, ಸಾಗರ ತಾಲ್ಲೂಕು